ಬಾಳ್ ಎಂಬುದನ್ನು ಬಾಳ್ ಎಂದು ಬರೆದ ಕಥೆ: ಒಂದು ಹಳೆಗನ್ನಡ ಪತ್ರಿಕೆಯ ಪ್ರಕರಣ

ಫೋನ್ ಬಂದದ್ದು ಹಾವೇರಿಯಿಂದ. ಪಿಎಚ್‌ಡಿ ಮಾಡುತ್ತಿರುವ ಹುಡುಗಿ, ನನಗೆ ಪರಿಚಯ ಇಲ್ಲ, ಪತ್ರಿಕೆಯ ಕೊನೇ ಪುಟದಲ್ಲಿ ನಂಬರ್ ನೋಡಿ ಮಾಡಿದ್ದಳು.

"ಸರ್ರ, ನೀವು ಹಾಕಿದ ಹಳೇ ಸಂಚಿಕೆ ಓದಾಕತ್ತಿದ್ದೆ. ಒಂದ್ ವಾಕ್ಯ ತಿಳೀವಲ್ದರಿ."

ಓದಿ ಹೇಳವ್ವಾ ಅಂದೆ.

"‘ಇಲ್ಲಿ ಬಾಳ್ ಎಂಬುದನ್ನು ಬಾಳ್ ಎಂದು ಬರೆದಿರುವುದು ಗಮನಾರ್ಹ.’ ಇದರೊಳಗ ಗಮನಾರ್ಹ ಏನೈತ್ರಿ?"

ನಾನು ನಕ್ಕೆ, ಅವಳೂ ನಕ್ಕಳು. ಫೋನ್ ಇಟ್ಟು ಆ ಪುಟ ತೆರೆದ ಮೇಲೆ ನಗು ನಿಂತಿತು. ಆ ವಾಕ್ಯದ ಕೆಳಗೆ ಒಂದು ಕೋಷ್ಟಕ. ಎಡಕ್ಕೆ ‘ಶುದ್ಧ ರೂಪ’, ಬಲಕ್ಕೆ ‘ಶಾಸನದಲ್ಲಿ ಕಾಣುವ ರೂಪ’. ಬಾಳ್, ಬಾಳ್. ಪೇಳ್, ಪೇಳ್. ಏಳು, ಏಳು. ಹೀಗೇ ಹತ್ತೊಂಬತ್ತು ಸಾಲು. ಎಡಕ್ಕೂ ಬಲಕ್ಕೂ ಎಳ್ಳಷ್ಟೂ ವ್ಯತ್ಯಾಸ ಇಲ್ಲ. ಅದರ ಕೆಳಗೆ ಲೇಖಕರು ಗಂಭೀರವಾಗಿ ಬರೆದಿದ್ದಾರೆ, ಈ ಪಲ್ಲಟಗಳನ್ನು ನೋಡಿದರೆ ಶಾಸನದ ಕಾಲವನ್ನು ಮರುಪರಿಶೀಲಿಸಬೇಕಾಗುತ್ತದೆ ಅಂತ. ಶಾಸನದ ಮಾತು ಆಮೇಲೆ, ಮೊದಲು ನನ್ನ ಕೆಲಸ ಮರುಪರಿಶೀಲಿಸಬೇಕಿತ್ತು. ಯಾಕಂದರೆ ಆ ಸಂಚಿಕೆಗಳನ್ನ ಕಂಪ್ಯೂಟರಿಗೆ ಏರಿಸಿದವನು ನಾನೇ.

ಆ ಪ್ರಕರಣ ಪೂರ್ತಿ ಬರೆದಿಡೋಣ ಅನ್ನಿಸಿತು. ಹಳೇ ಪತ್ರಿಕೆ ಇಟ್ಟುಕೊಂಡ ಬೇರೆ ಊರಿನವರೂ ಇದೇ ಗುಂಡಿಗೆ ಬೀಳೋದು ಗ್ಯಾರಂಟಿ.

ಪತ್ರಿಕೆಯ ಹೆಸರು ಹೇಳುವುದಿಲ್ಲ. ಧಾರವಾಡದ್ದು, ತ್ರೈಮಾಸಿಕ, ಐವತ್ತು ವರ್ಷ ದಾಟಿದೆ. ಹಳೆಗನ್ನಡ ಕಾವ್ಯ, ಶಾಸನ, ಛಂದಸ್ಸು, ವ್ಯಾಕರಣ, ಇಷ್ಟೇ ವಿಷಯ. ಕಥೆ ಇಲ್ಲ, ಕವಿತೆ ಇಲ್ಲ, ಮುಖಪುಟಕ್ಕೆ ಚಿತ್ರ ಕೂಡ ಇಲ್ಲ. ಮುನ್ನೂರು ಪ್ರತಿ ಅಚ್ಚಾಗುತ್ತೆ. ಅದರಲ್ಲಿ ಅರ್ಧಕ್ಕೂ ಜಾಸ್ತಿ ಆಜೀವ ಚಂದಾದಾರರಿಗೆ ಹೋಗುತ್ತೆ, ಅಂದರೆ ಎಷ್ಟೋ ವರ್ಷದ ಹಿಂದೆ ನೂರಿನ್ನೂರು ರೂಪಾಯಿ ಕೊಟ್ಟವರಿಗೆ. ಅವರಲ್ಲಿ ಎಷ್ಟೋ ಜನ ಈಗಿಲ್ಲ, ಆದರೆ ಪತ್ರಿಕೆ ಅವರ ಹೆಸರಿಗೇ ಹೋಗುತ್ತೆ, ಮಕ್ಕಳು ತಗೊಳ್ಳುತ್ತಾರೆ, ಬೇಡ ಅಂತ ಯಾರೂ ಪತ್ರ ಬರೆದಿಲ್ಲ.

ನಮ್ಮ ಕಡೆಗೆ ಇಂಥ ಪತ್ರಿಕೆ ಹೊಸದಲ್ಲ. ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ್ದು 1890ರಲ್ಲಿ, ಆರೇ ವರ್ಷಕ್ಕೆ, 1896ರಲ್ಲಿ, ಸಂಘದಿಂದ ‘ವಾಗ್ಭೂಷಣ’ ಹೊರಟಿತು. ಅದಕ್ಕೂ ಮೊದಲು ಈ ಭಾಗದ ಶಾಸನ ಓದಬೇಕು ಅಂದರೆ 1872ರಲ್ಲಿ ಶುರುವಾದ ‘ಇಂಡಿಯನ್ ಆಂಟಿಕ್ವರಿ’ ನೋಡಬೇಕಿತ್ತು. ಫ್ಲೀಟ್ ಅನ್ನೋ ಬ್ರಿಟಿಷ್ ಅಧಿಕಾರಿ ಊರೂರಿನ ಕಲ್ಲು ಓದಿಸಿ ಅದರಲ್ಲಿ ಕಂತು ಕಂತಾಗಿ ಹಾಕಿದ. ಬೆಂಗಳೂರಲ್ಲಿ 1919ಕ್ಕೆ ‘ಪ್ರಬುದ್ಧ ಕರ್ಣಾಟಕ’ ಬಂತು. ನಮ್ಮ ಧಾರವಾಡದಲ್ಲೇ ಹುಟ್ಟಿದ ಫ. ಗು. ಹಳಕಟ್ಟಿಯವರು ವಿಜಯಪುರದಲ್ಲಿ ಕೂತು 1926ರಲ್ಲಿ ‘ಶಿವಾನುಭವ’ ತೆಗೆದರು, ವಚನಗಳನ್ನ ಓಲೆಗರಿಯಿಂದ ಅಚ್ಚಿಗೆ ತರೋದಕ್ಕೆ ಇದ್ದ ಮನೆಯನ್ನೇ ಮಾರಿಕೊಂಡರು. 1939ರಲ್ಲಿ ಧಾರವಾಡಕ್ಕೆ ಕನ್ನಡ ಸಂಶೋಧನ ಸಂಸ್ಥೆ ಬಂತು. ನಮ್ಮ ಪತ್ರಿಕೆ ಈ ಸಾಲಿನ ಕೊನೇ ಬೆಂಚಿನ ಹುಡುಗ ಅನ್ನಿ. ಆದರೆ ಬೆಂಚು ಅದೇ.

ನಾನು ಸಂಶೋಧಕ ಅಲ್ಲ. ಹುಬ್ಬಳ್ಳಿಯಲ್ಲಿ ಸಾಫ್ಟ್‌ವೇರ್ ಕೆಲಸ. ಸಂಪಾದಕರು ನನಗೆ ಪಿಯುಸಿಯಲ್ಲಿ ಕನ್ನಡ ಕಲಿಸಿದ ಸರ್. ಒಂದು ಭಾನುವಾರ ಕರೆದು, "ನೋಡಪಾ, ಹಳೇ ಸಂಚಿಕಿ ಎಲ್ಲಾ ಕಂಪ್ಯೂಟರ್‌ನ್ಯಾಗ ಹಾಕಿಬಿಡು, ನನ್ನ ಕಪಾಟಿಗೆ ಗೆದ್ದಲು ಹತ್ತೇತಿ" ಅಂದರು. ಹೂಂ ಅಂದೆ. ಹೂಂ ಅನ್ನುವಾಗ ಎಷ್ಟು ಕೆಲಸ ಅಂತ ಲೆಕ್ಕ ಹಾಕಿರಲಿಲ್ಲ.

ಸಂಚಿಕೆಗಳು ಮೂರು ಕಾಲದವು. ಮೊದಲಿನವು ಮೊಳೆ ಜೋಡಿಸಿ ಅಚ್ಚು ಹಾಕಿದವು. 1990ರ ದಶಕದ ಮಧ್ಯದಿಂದ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲೇ ಪುಟ ಕಟ್ಟೋದು, ಪೇಜ್‌ಮೇಕರ್, ಹಳೇ ತರದ ಕನ್ನಡ ಫಾಂಟು. ಇತ್ತೀಚಿನವು ಯುನಿಕೋಡ್, ಅಂದರೆ ಯಾವ ಕಂಪ್ಯೂಟರಿನಲ್ಲೂ ಪ್ರತಿ ಅಕ್ಷರಕ್ಕೆ ಒಂದೇ ಸಂಕೇತ ಇರುವ ಪದ್ಧತಿ. ಮೊಳೆ ಕಾಲದವನ್ನ ಸ್ಕ್ಯಾನ್ ಮಾಡಿ ಚಿತ್ರವಾಗೇ ಹಾಕಿದೆ. ಇತ್ತೀಚಿನವು ತೊಂದರೆ ಇಲ್ಲ. ನಡುವಿನ 58 ಸಂಚಿಕೆಗೆ ಪ್ರೆಸ್‌ನಿಂದ ಫೈಲು ಸಿಕ್ಕವು, ಎಲ್ಲಾ ಅಲ್ಲ, 49ಕ್ಕೆ. ಅವುಗಳಿಂದ ಪಠ್ಯ ತೆಗೆದು, ಒಂದು ಪರಿವರ್ತಕಕ್ಕೆ ಕೊಟ್ಟು ಯುನಿಕೋಡ್ ಮಾಡಿದೆ. ಪರಿವರ್ತಕ ಚೆನ್ನಾಗೇ ಕೆಲಸ ಮಾಡಿತು. ಒತ್ತಕ್ಷರ ಸರಿ, ಅರ್ಕಾವತ್ತು ಸರಿ, ದೀರ್ಘ ಸರಿ. ಪ್ರತಿ ಸಂಚಿಕೆಯಲ್ಲೂ ಮೊದಲ ಎರಡು ಪುಟ ಓದಿ ನೋಡಿದೆ. ಮೊದಲ ಎರಡು ಪುಟ ಅಂದರೆ ಸಂಪಾದಕೀಯ. ಸಂಪಾದಕೀಯ ಇರೋದು ಹೊಸಗನ್ನಡದಲ್ಲಿ. ತಪ್ಪು ಅಲ್ಲಿ ಸಿಗೋದಾದರೂ ಹೇಗೆ?

ಈಗ ಆ ಎರಡು ಅಕ್ಷರದ ಮಾತು. ಇದನ್ನ ಬಿಟ್ಟರೆ ಉಳಿದದ್ದು ಅರ್ಥ ಆಗಲ್ಲ.

ಇವತ್ತು ನಮಗೆ ಒಂದು ರ, ಒಂದು ಳ ಸಾಕು. ಹಳೆಗನ್ನಡಕ್ಕೆ ಸಾಲುತ್ತಿರಲಿಲ್ಲ. ರ ಪಕ್ಕದಲ್ಲಿ ಱ ಇತ್ತು, ಶಕಟರೇಫ ಅಂತಾರೆ. ಳ ಪಕ್ಕದಲ್ಲಿ ೞ ಇತ್ತು, ಅದು ರಳ. ತಮಿಳರ ಹತ್ತಿರ ಎರಡೂ ಇನ್ನೂ ಇವೆ, ಅವರ ಭಾಷೆಯ ಹೆಸರಿನ ಕೊನೇ ಅಕ್ಷರವೇ ಆ ೞ. ಬಾೞ್ ಅಂದರೆ ಬದುಕು, ಬಾಳ್ ಅಂದರೆ ಕತ್ತಿ. ಕಱೆ ಅಂದರೆ ಹಾಲು ಹಿಂಡು, ಕರೆ ಅಂದರೆ ಕೂಗು. ಹೇಳು, ಕೇಳು ಅಂತ ನಾವು ಈಗ ಜೋಡಿ ಮಾಡಿ ಹಾಡುತ್ತೇವೆ, ಆದರೆ ಹಳೆಗನ್ನಡದಲ್ಲಿ ಅದು ಪೇೞ್, ಇದು ಕೇಳ್, ಕಟ್ಟುನಿಟ್ಟಿನ ಕವಿ ಇವೆರಡನ್ನ ಪ್ರಾಸದಲ್ಲಿ ಕೂಡಿಸುತ್ತಿರಲಿಲ್ಲ. ನಮ್ಮ ಲಕ್ಷ್ಮೇಶ್ವರದ ಹಳೇ ಹೆಸರು ಪುಲಿಗೆಱೆ. ತಿರುಳ್ಗನ್ನಡದ ಸೀಮೆ ಅಂತ ‘ಕವಿರಾಜಮಾರ್ಗ’ ಹೇಳುವ ನಾಲ್ಕು ಊರಲ್ಲಿ ಅದೊಂದು. ಅದರಲ್ಲಿ ಇರೋದು ಕೆಱೆ, ಶಕಟರೇಫದ್ದು.

ಆಮೇಲೆ ಬಾಯಿ ಬದಲಾಯಿತು. ೞ ಮುಂದೆ ವ್ಯಂಜನ ಬಂದಲ್ಲಿ ಮೊದಲು ರ ಆಯಿತು, ಆಮೇಲೆ ಮುಂದಿನ ಅಕ್ಷರದೊಳಗೇ ಕರಗಿಹೋಯಿತು. ಗೞ್ದೆ, ಗರ್ದೆ, ಗದ್ದೆ. ಕೞ್ತೆ, ಕರ್ತೆ, ಕತ್ತೆ. ಸ್ವರದ ಮುಂದೆ ಸುಮ್ನೆ ಳ ಆಯಿತು. ಬಾಯಿ ಬದಲಾದರೂ ಓದಿದವರ ಕೈ ಹಳೇದನ್ನೇ ಬರೆಯುತ್ತಿತ್ತು, ನಡುವೆ ಸಿಕ್ಕಿಬಿದ್ದವನು ಕಲ್ಲು ಕಡೆಯುವವನು. ೞ ಇರುವಲ್ಲಿ ಳ ಕೊರೆದ. ಎಲ್ಲಿ ತಪ್ಪಾಗುತ್ತೋ ಅನ್ನೋ ಹೆದರಿಕೆಗೆ ಳ ಇರುವಲ್ಲೂ ೞ ಕೊರೆದ. ಸ್ಟೈಲಾಗಿ ಮಾತಾಡೋಕೆ ಹೋಗಿ ಹ ಬೇಡದಲ್ಲೂ ಹ ಹಚ್ಚುತ್ತಾರಲ್ಲ, ಹಾಗೆ. 13ನೇ ಶತಮಾನದಲ್ಲಿ ಕೇಶಿರಾಜ ‘ಶಬ್ದಮಣಿದರ್ಪಣ’ ಅನ್ನೋ ವ್ಯಾಕರಣ ಬರೆಯುವ ಹೊತ್ತಿಗೆ ಯಾವ ಪದಕ್ಕೆ ಯಾವ ಅಕ್ಷರ ಅಂತ ಪಟ್ಟಿಯನ್ನೇ ಕೊಡಬೇಕಾಯಿತು. ಪಟ್ಟಿ ಯಾವಾಗ ಬೇಕಾಗುತ್ತೆ ಹೇಳಿ, ಮರೆತಾಗ ಅಲ್ವಾ?

ಇದರಿಂದ ಒಂದು ಲಾಭ ಇದೆ. ತೇದಿ ಇಲ್ಲದ ಶಾಸನದಲ್ಲಿ ಈ ಗೊಂದಲ ಎಷ್ಟಿದೆ ಅಂತ ನೋಡಿ ಅದು ಸುಮಾರು ಯಾವ ಕಾಲದ್ದು ಅಂತ ಊಹಿಸಬಹುದು. ಹುಡುಗಿ ಓದುತ್ತಿದ್ದ ಲೇಖನ ಪೂರ್ತಿ ನಿಂತದ್ದೇ ಇದರ ಮೇಲೆ. ಎಡ ಕಾಲಂನಲ್ಲಿ ಬಾೞ್, ಬಲ ಕಾಲಂನಲ್ಲಿ ಬಾಳ್ ಇರಬೇಕಿತ್ತು. ನಾನು ಏರಿಸಿದ ಪ್ರತಿಯಲ್ಲಿ 49 ಸಂಚಿಕೆಯ ಅಷ್ಟೂ ಱ ಹೋಗಿ ರ ಆಗಿವೆ, ಅಷ್ಟೂ ೞ ಹೋಗಿ ಳ ಆಗಿವೆ. ಕಸ ಬಂದಿದ್ದರೆ ಕಣ್ಣಿಗೆ ಬೀಳುತ್ತಿತ್ತು. ಚೌಕದ ಗುರುತೋ ಪ್ರಶ್ನೆ ಚಿಹ್ನೆಯೋ ಬಂದಿದ್ದರೆ ಮೊದಲ ದಿನವೇ ಹಿಡಿಯುತ್ತಿದ್ದೆ. ಬಂದದ್ದು ಚೊಕ್ಕ ಕನ್ನಡ. ಅದಕ್ಕೇ ಅಷ್ಟು ದಿನ ಯಾರಿಗೂ ಗೊತ್ತಾಗಲಿಲ್ಲ.

ಮೊದಲು ಪರಿವರ್ತಕವನ್ನ ಬೈದೆ. ಆಮೇಲೆ ಪರೀಕ್ಷೆ ಮಾಡಿದರೆ ಅದರ ತಪ್ಪೇನೂ ಕಾಣಲಿಲ್ಲ. ಅದಕ್ಕೆ ಸಿಕ್ಕ ಪಠ್ಯದಲ್ಲೇ ರ ಇದೆ. ಆದರೆ ಅಚ್ಚಾದ ಪುಸ್ತಕದಲ್ಲಿ ಱ ಇದೆ, ಕಣ್ಣಾರೆ ಕಾಣುತ್ತೆ. ಫೈಲಿನಲ್ಲಿ ರ, ಕಾಗದದಲ್ಲಿ ಱ. ಎರಡು ದಿನ ತಲೆ ಕೆರೆದುಕೊಂಡು, ಮೂರನೇ ದಿನ ರಜೆ ಹಾಕಿ ಗದಗಿನ ರೈಲು ಹತ್ತಿದೆ. ಪತ್ರಿಕೆ ಬರೆಯೋದು ಧಾರವಾಡದಲ್ಲಿ, ಅಚ್ಚಾಗೋದು ಗದಗದಲ್ಲಿ. ಗದಗನ್ನ ಮುದ್ರಣ ಕಾಶಿ ಅಂತ ಸುಮ್ನೆ ಕರೆಯಲ್ಲ.

ದಾರಿಯಲ್ಲಿ ಅಣ್ಣಿಗೇರಿ ಬರುತ್ತೆ. ಪಂಪನ ತಾಯಿ ಅಬ್ಬಣಬ್ಬೆ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು ಅನ್ನೋ ವಿವರ ಗೊತ್ತಾದದ್ದು ಪಂಪನ ಕಾವ್ಯದಿಂದಲ್ಲ, ತೆಲಂಗಾಣದ ಕುರ್ಕ್ಯಾಲದ ಬಂಡೆಯ ಮೇಲೆ ಅವನ ತಮ್ಮ ಜಿನವಲ್ಲಭ ಕೊರೆಸಿದ ಶಾಸನದಿಂದ. 941ರಲ್ಲಿ ಕಾವ್ಯ ಬರೆದ ಕವಿಯ ಮನೆ ಸುದ್ದಿ ಸಾವಿರ ವರ್ಷ ಕಳೆದ ಮೇಲೆ ಕಲ್ಲಿನಿಂದ ಸಿಗುತ್ತೆ. ಕಲ್ಲಿನಲ್ಲಿ ಏನಿದೆ ಅಂತ ಸಾಲು ಸಾಲಾಗಿ ಅಚ್ಚು ಹಾಕಿ ವಾದ ಮಾಡೋದು ನಮ್ಮಂಥ ಮುನ್ನೂರು ಪ್ರತಿಯ ಪತ್ರಿಕೆಗಳು. ರೈಲಿನ ಕಿಟಕಿಯಲ್ಲಿ ಅಣ್ಣಿಗೇರಿ ಸ್ಟೇಷನ್ ಬೋರ್ಡು ದಾಟುವಾಗ, ಈ ವಾದಗಳ ಅಕ್ಷರವನ್ನೇ ನಾನು ಸಮ ಮಾಡಿಬಿಟ್ಟೆನಲ್ಲ ಅಂತ ಹೊಟ್ಟೆಯಲ್ಲಿ ಒಂಥರಾ ಆಯಿತು.

ಪ್ರೆಸ್ಸಿನಲ್ಲಿ ಡಿಟಿಪಿ ಮಾಡುತ್ತಿದ್ದ ಕಾಕಾ ಈಗ ನಿವೃತ್ತರು, ಆದರೆ ದಿನಾ ಬಂದು ಕೂಡುತ್ತಾರೆ. ಹಳೇ ಸಿಸ್ಟಂ ಮೂಲೆಯಲ್ಲಿತ್ತು, ಮೇಲೆ ಹೊದೆಸಿದ್ದ ಹಳೇ ಸೀರೆ ತೆಗೆದು ಚಾಲು ಮಾಡಿದರು. ವಿಂಡೋಸ್ ಎಕ್ಸ್‌ಪಿ ಏಳುವಷ್ಟರಲ್ಲಿ ಒಂದು ಚಹಾ ಮುಗಿಯಿತು. ಪೇಜ್‌ಮೇಕರಿನಲ್ಲಿ ಅದೇ ಕೋಷ್ಟಕ ತೆರೆದೆವು. ಪರದೆಯ ಮೇಲೆ ಬಾೞ್ ಚಂದಾಗಿ ಕಾಣುತ್ತಿದೆ.

"ಕಾಕಾ, ಈ ಅಕ್ಷರ ಹೆಂಗ ಹೊಡೀತಿದ್ರಿ?"

"ಯಾವ್ದು, ಸರ್ ಫಾಂಟಾ?"

ಆಗ ಕಥೆ ಹೊರಬಂತು. ಆ ಕಾಲದ ಫಾಂಟಿನಲ್ಲಿ ಒಟ್ಟು 256 ಗೂಡು. ಅದರಲ್ಲೇ ಕನ್ನಡದ ಅಕ್ಷರ, ಕಾಗುಣಿತದ ತುಂಡು, ಒತ್ತು, ಅಂಕಿ ಎಲ್ಲಾ ಹಿಡಿಸಬೇಕು. ಲಗ್ನಪತ್ರಿಕೆಗೂ ಪಾಂಪ್ಲೆಟ್ಟಿಗೂ ೞ ಯಾರಿಗೆ ಬೇಕು? ಕಾಕಾ ಬಳಸುತ್ತಿದ್ದ ಫಾಂಟಿನಲ್ಲಿ ಅವೆರಡಕ್ಕೆ ಗೂಡೇ ಇರಲಿಲ್ಲ. ಮೊದಮೊದಲು ಜಾಗ ಬಿಟ್ಟು ಪ್ರಿಂಟ್ ತೆಗೆದು, ಬಟರ್ ಪೇಪರ್ ಮೇಲೆ ಸರ್ ಕೈಯಾರೆ ಇಂಕಿನಲ್ಲಿ ಬರೆಯುತ್ತಿದ್ದರಂತೆ. ಒಂದು ಸಂಚಿಕೆಗೆ ನಾನೂರು ಸಲ ಬರೆದ ಮೇಲೆ ಸರ್ ಬೆರಳು ಸೋತವು. ಕಾಕಾ ಒಂದು ಉಪಾಯ ಮಾಡಿದರು. ಅದೇ ಫಾಂಟಿನ ಇನ್ನೊಂದು ನಕಲು ಮಾಡಿ, ರ ಇದ್ದ ಗೂಡಿನಲ್ಲಿ ಱ ಚಿತ್ರ ಕೂಡಿಸಿದರು, ಳ ಇದ್ದ ಗೂಡಿನಲ್ಲಿ ೞ. ರಿ, ಳಿ ಗೂಡುಗಳಲ್ಲೂ ಹಾಗೇ. ಟೈಪ್ ಮಾಡುವಾಗ ರ ಹೊಡೆಯೋದು, ಆ ಒಂದು ಅಕ್ಷರ ಹಿಡಿದು ಫಾಂಟು ಬದಲಿಸೋದು. ಸರ್ ಸಲುವಾಗಿ ಮಾಡಿದ್ದು ಅಂತ ಅದಕ್ಕೆ ‘ಸರ್ ಫಾಂಟ್’ ಅಂತ ಹೆಸರು.

ಅಂದರೆ ಯಂತ್ರದ ಲೆಕ್ಕದಲ್ಲಿ ಅದು ಯಾವಾಗಲೂ ರ. ಱ ಆಗಿರುವುದು ಬಟ್ಟೆ ಬದಲಿಸಿದ್ದರಿಂದ ಮಾತ್ರ. ನಾನು ಪಠ್ಯ ತೆಗೆಯುವಾಗ ಬಟ್ಟೆ ಎಲ್ಲಾ ಕಳಚಿ ಬರೀ ಮೈ ತಗೊಂಡೆ.

ಇದನ್ನ ಕೇಳಿ ನನಗೆ ಸಿಟ್ಟು ಬರಲಿಲ್ಲ, ಕಾಕಾರ ಕಾಲಿಗೆ ಬೀಳೋಣ ಅನ್ನಿಸಿತು. ಪತ್ರಿಕೆ ಅವರಿಗೆ ಪುಟಕ್ಕಿಷ್ಟು ಅಂತ ಕೊಡುತ್ತಿದ್ದದ್ದು ಲಗ್ನಪತ್ರಿಕೆಯ ಅರ್ಧವೂ ಇರಲಿಲ್ಲ. ಮೊಳೆ ಕಾಲದ ಕಥೆ ಇನ್ನೂ ಮಜಾ ಇತ್ತು. ಹಳೇ ಪ್ರೆಸ್ಸಿನಲ್ಲಿ ೞ ಮೊಳೆ ಇದ್ದವೇ ಆರೋ ಏಳೋ. ಒಂದು ಪುಟದಲ್ಲಿ ಅದಕ್ಕಿಂತ ಜಾಸ್ತಿ ಬಂದರೆ ಧಾರವಾಡಕ್ಕೆ ಹೇಳಿ ಕಳಿಸಬೇಕು, ಸರ್, ಈ ಪುಟದಾಗ ೞ ಜಾಸ್ತಿ ಆಗ್ಯಾವ, ನಾಲ್ಕು ಸಾಲು ಮುಂದಿನ ಪುಟಕ್ಕ ದೂಡ್ಲೇನ್ರಿ ಅಂತ. ಲೇಖನ ಎಲ್ಲಿ ಮುರಿಯಬೇಕು ಅನ್ನೋದನ್ನ ಮೊಳೆಗಳು ತೀರ್ಮಾನ ಮಾಡುತ್ತಿದ್ದವು! ಗದಗದಿಂದ ಹತ್ತು ಹನ್ನೆರಡು ಕಿಲೋಮೀಟರ್ ಆಚೆ ಲಕ್ಕುಂಡಿ. ಅಲ್ಲಿನ ಅತ್ತಿಮಬ್ಬೆ ಸಾವಿರ ವರ್ಷದ ಹಿಂದೆ ಪೊನ್ನನ ‘ಶಾಂತಿಪುರಾಣ’ವನ್ನು ಓಲೆಗರಿಯಲ್ಲಿ ಸಾವಿರ ಪ್ರತಿ ಮಾಡಿಸಿ ಹಂಚಿದಳು. ನಮ್ಮದು ಆಫ್‌ಸೆಟ್ಟಿನಲ್ಲಿ ಮುನ್ನೂರು. ಕಾಕಾ ಇದನ್ನ ಹೇಳಿ ತಾವೇ ನಕ್ಕರು.

ಕಾರಣ ಸಿಕ್ಕಿತು. ಮಾಡೋದೇನು ಅನ್ನೋದಕ್ಕೆ ಧಾರವಾಡದಲ್ಲಿ ಸರ್ ಮನೆಯಲ್ಲಿ ಕೂತೆವು. ಗಿರ್ಮಿಟ್ ಬಂತು, ಮಿರ್ಚಿ ಬಂತು, ಜಗಳವೂ ಬಂತು. ಸಂಪಾದಕ ಮಂಡಳಿಯ ಒಬ್ಬ ಸದಸ್ಯರು, ಒಳ್ಳೇ ವಿದ್ವಾಂಸರೇ, ಇದ್ದ ಹಾಗೇ ಬಿಡೋಣ ಅಂದರು. ಅವರ ವಾದ ಪೊಳ್ಳಲ್ಲ. ಈಗಿನ ಹುಡುಗರು ಹುಡುಕೋದು ಪುಲಿಗೆರೆ ಅಂತ. ಪುಲಿಗೆಱೆ ಅಂತ ಯಾರು ಹೊಡೀತಾರೆ? ಮೊಬೈಲಿನಲ್ಲಿ ಆ ಅಕ್ಷರ ಎಲ್ಲಿದೆ ಅಂತಲೇ ಗೊತ್ತಿರಲ್ಲ. ನಾವು ಸರಿಪಡಿಸಿದರೆ ಅವರಿಗೆ ಏನೂ ಸಿಗದ ಹಾಗೆ ಆಗುತ್ತೆ. ತಪ್ಪಾಗಿರೋದೇ ಅನುಕೂಲ ಆಗಿದೆಯಲ್ಲ ಅಂದರು.

ಸರ್ ಒಂದೇ ಮಾತು ಹೇಳಿದರು. "ಹುಡುಕಾಕ ಅನುಕೂಲ ಆಗ್ಲಿ ಅಂತ ಪಠ್ಯ ತಿದ್ದೂದಾದ್ರ, ಪಂಪನ್ನ ಹೊಸಗನ್ನಡಕ್ಕ ತಂದ್ ಹಾಕ್ರಿ, ಇನ್ನೂ ಅನುಕೂಲ ಆಕ್ಕೇತಿ."

ಇಬ್ಬರದೂ ಸರಿ ಇತ್ತು, ಮತ್ತು ಇದಕ್ಕೆ ದಾರಿ ಇದೆ ಅನ್ನೋದು ನನಗೆ ಗೊತ್ತಿತ್ತು, ನನ್ನ ಹೊಟ್ಟೆಪಾಡಿನ ಕೆಲಸವೇ ಅದು. ಪಠ್ಯ ಒಂದು ಕಡೆ ಇಡೋದು, ಹುಡುಕುವ ಸೂಚಿ ಇನ್ನೊಂದು ಕಡೆ. ಪಠ್ಯದಲ್ಲಿ ಱ ಱ ಆಗೇ ಇರುತ್ತೆ. ಸೂಚಿಯಲ್ಲಿ ಮಾತ್ರ ಱ, ರ ಎರಡನ್ನೂ ಒಂದೇ ಅಂತ ಎಣಿಸು, ೞ, ಳ ಎರಡನ್ನೂ ಒಂದೇ ಅಂತ ಎಣಿಸು ಅಂತ ಹೇಳಿದರೆ ಆಯಿತು. ಪುಲಿಗೆರೆ ಅಂತ ಹೊಡೆದವನಿಗೂ ಸಿಗುತ್ತೆ, ಪುಲಿಗೆಱೆ ಅಂತ ಹೊಡೆದವನಿಗೂ ಸಿಗುತ್ತೆ. ಖಾಸಾ ೞ ಬೇಕು ಅನ್ನೋರಿಗೆ ಒಂದು ಟಿಕ್ ಗುರುತು ಇಟ್ಟೆ, ಅದನ್ನ ಒತ್ತಿದರೆ ಇದ್ದದ್ದು ಇದ್ದ ಹಾಗೇ ಹುಡುಕುತ್ತೆ. ಕತ್ತೆ ಅಂತ ಹೊಡೆದವನಿಗೆ ಕೞ್ತೆ ಸಿಗೋದಿಲ್ಲ, ಅಷ್ಟು ಜಾಣತನ ಯಂತ್ರಕ್ಕೆ ಇಲ್ಲ. ಅದಕ್ಕೆ ಮನುಷ್ಯರೇ ಕೂತು ಪದಸೂಚಿ ಮಾಡಬೇಕು. ಆ ಕೆಲಸ ಹಾವೇರಿಯ ಹುಡುಗಿಗೆ ಕೊಟ್ಟೆವು. ತಪ್ಪು ಹಿಡಿದವಳು ಅವಳೇ ತಾನೇ, ಅನುಭವಿಸಲಿ.

ಯುನಿಕೋಡಿನಲ್ಲಿ ಈ ಎರಡೂ ಅಕ್ಷರ ಇವೆ, ಅದೇನೂ ತೊಂದರೆ ಇಲ್ಲ. ಆದರೆ ಒಂದು ತಮಾಷೆ ಹೇಳಲೇಬೇಕು. ಯುನಿಕೋಡ್ ಪಟ್ಟಿಯಲ್ಲಿ ೞ ಅಕ್ಷರದ ಅಧಿಕೃತ ಹೆಸರು ‘ಕನ್ನಡ ಲೆಟರ್ ಫ’. ಫ್ಯಾನ್, ಫೀಸು ಅನ್ನುತ್ತೇವಲ್ಲ, ಆ ಫ. ಎಲ್ಲೋ ಎಡವಟ್ಟಾಗಿದೆ. ಒಮ್ಮೆ ಇಟ್ಟ ಹೆಸರು ಬದಲಿಸುವ ಹಾಗಿಲ್ಲ ಅನ್ನೋದು ಅವರ ನಿಯಮ, ಹಾಗಾಗಿ ಹೆಸರು ಅದೇ ಉಳಿದಿದೆ, ಪಕ್ಕದಲ್ಲಿ ತಿದ್ದಿದ ಇನ್ನೊಂದು ಹೆಸರು ಸೇರಿಸಿದ್ದಾರೆ. ಸರ್‌ಗೆ ಇದನ್ನ ತೋರಿಸಿದಾಗ ಒಂದು ನಿಮಿಷ ಸುಮ್ಮನಿದ್ದು, "ಕೇಶಿರಾಜ ಇರಬೇಕಿತ್ತಪಾ" ಅಂದರು.

ರಿಪೇರಿಯ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಗದಗದ ಸಿಸ್ಟಂನಲ್ಲೇ ಫೈಲುಗಳನ್ನ ಫಾಂಟಿನ ಹೆಸರು ಉಳಿಯುವ ರೀತಿಯಲ್ಲಿ ಹೊರತೆಗೆದೆ. ಸರ್ ಫಾಂಟ್ ಇದ್ದ ಪ್ರತಿ ತುಂಡಿಗೂ ಮೊದಲೇ ಒಂದು ಗುರುತು ಹಾಕಿ, ಆಮೇಲೆ ಪರಿವರ್ತಕಕ್ಕೆ ಕೊಟ್ಟು, ಹೊರಬಂದ ಮೇಲೆ ಗುರುತು ಇದ್ದಲ್ಲಿ ರ ತೆಗೆದು ಱ, ಳ ತೆಗೆದು ೞ ಹಾಕಿದೆ. ಪ್ರೋಗ್ರಾಂ ಬರೆಯೋದಕ್ಕೆ ಒಂದು ಸಂಜೆ. ಕಾಕಾ ಅವಸರದಲ್ಲಿ ಒಂದರ ಬದಲು ಎರಡು ಅಕ್ಷರ ಹಿಡಿದು ಫಾಂಟು ಬದಲಿಸಿದ ಕಡೆ ಬೇಡದ ರ ಕೂಡ ಱ ಆಗಿಬಿಟ್ಟಿತ್ತು. ಅವನ್ನ ಹುಡುಕೋದಕ್ಕೆ ಎರಡು ತಿಂಗಳು.

ಫೈಲು ಇಲ್ಲದ ಒಂಬತ್ತು ಸಂಚಿಕೆಗಳದ್ದು ಬೇರೆ ಗೋಳು. ಸ್ಕ್ಯಾನ್ ಮಾಡಿ, ಚಿತ್ರದಿಂದ ಅಕ್ಷರ ಗುರುತಿಸುವ ಓಸಿಆರ್ ಹಾಕಿದರೆ ಉಳಿದ ಕನ್ನಡ ಪರವಾಗಿಲ್ಲ ಅನ್ನೋ ಹಾಗೆ ಬಂತು, ಈ ಎರಡು ಅಕ್ಷರಕ್ಕೆ ಮಾತ್ರ ತೋಚಿದ್ದು ಹಾಕಿತ್ತು. ಕೊನೆಗೆ ಹಳೇ ಪದ್ಧತಿಗೇ ಬಂದೆವು, ಒಬ್ಬರು ಗಟ್ಟಿಯಾಗಿ ಓದೋದು, ಇನ್ನೊಬ್ಬರು ನೋಡಿ ತಿದ್ದೋದು. ಓದಲು ಒಬ್ಬ ನಿವೃತ್ತ ಮೇಷ್ಟ್ರು ಬಂದರು. ಮೊದಲ ದಿನ ಹತ್ತು ಪುಟ ಓದಿ ಆದ ಮೇಲೆ ಹೊಳೆಯಿತು, ಬಾೞ್ ಅಂದರೂ ಬಾಳ್ ಅಂದರೂ ಮೇಷ್ಟ್ರ ಬಾಯಲ್ಲಿ ಬರೋದು ಒಂದೇ ಸದ್ದು, ಕೇಳಿ ತಿದ್ದೋದು ಹೆಂಗೆ? ಕಲ್ಲು ಕಡೆಯುವವನು ಸಿಕ್ಕಿಬಿದ್ದ ಜಾಗದಲ್ಲೇ ನಾವೂ ಸಿಕ್ಕಿಬಿದ್ದಿದ್ದೆವು, ಒಂಬೈನೂರು ವರ್ಷ ತಡವಾಗಿ. ಆಮೇಲೆ ಮೇಷ್ಟ್ರೇ ಒಂದು ದಾರಿ ಮಾಡಿದರು. ೞ ಬಂದಲ್ಲಿ ಮೇಜು ಒಮ್ಮೆ ಕುಟ್ಟೋದು, ಱ ಬಂದಲ್ಲಿ ಎರಡು ಸಲ. ಪಂಪನ ಪದ್ಯ ಉದ್ಧರಿಸಿದ ಪುಟ ಬಂದರೆ ತಬಲಾ ಕೇಳಿದ ಹಾಗೆ ಇರುತ್ತಿತ್ತು. ಒಳಗಿನಿಂದ ಸರ್ ಮನೆಯವರು ಬಂದು, "ಯಾರೋ ಬಾಗಲಾ ಬಡ್ಯಾಕತ್ತಾರ ನೋಡ್ರಿ" ಅಂತ ಮೂರು ಸಲ ಹೇಳಿದ್ದಾರೆ.

ಇಷ್ಟರ ನಡುವೆ ಇನ್ನೊಂದು ಆಯಿತು. ಯುಜಿಸಿಯ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ, ಕೇರ್ ಪಟ್ಟಿ ಅಂತ 2019ರಿಂದ ಇತ್ತಲ್ಲ, ಅದರಲ್ಲಿ ಇದ್ದ ಪತ್ರಿಕೆಯಲ್ಲಿ ಲೇಖನ ಬಂದರೆ ಅಧ್ಯಾಪಕರಿಗೆ ಅಂಕ, ಬಡ್ತಿ. ನಮ್ಮದೂ ಪಟ್ಟಿಯಲ್ಲಿತ್ತು. ಅಷ್ಟು ವರ್ಷವೂ ಲೇಖನಗಳ ಪ್ರವಾಹ. ಹಳೆಗನ್ನಡದ ಒಂದು ಸಾಲೂ ಇಲ್ಲದ ಹಳೆಗನ್ನಡ ಲೇಖನಗಳು, ಎಲ್ಲಾ ಕಡೆ ‘ಸಾಮಾಜಿಕ ಪ್ರಸ್ತುತತೆ’. ತಗೊಳ್ಳಲ್ಲ ಅಂದರೆ ಬೈಗುಳ. ದುಡ್ಡು ಎಷ್ಟು ಕೊಡಬೇಕು ಹೇಳಿ ಅಂತ ನೇರವಾಗಿ ಕೇಳಿದವರೂ ಇದ್ದರು. ಐಎಸ್ಎಸ್ಎನ್ ಇದೆ ತಾನೇ, ಮತ್ತೇನು ಅನ್ನೋರು. ಅದು ಪತ್ರಿಕೆಗೆ ಕೊಡುವ ಎಂಟಂಕಿಯ ಗುರುತಿನ ಸಂಖ್ಯೆ ಅಷ್ಟೇ, ಗಾಡಿಯ ನಂಬರ್ ಪ್ಲೇಟ್ ಇದ್ದ ಹಾಗೆ. ನಂಬರ್ ಇದೆ ಅಂದಮಾತ್ರಕ್ಕೆ ಗಾಡಿ ಚೆನ್ನಾಗಿ ಓಡುತ್ತೆ ಅಂತ ಅಲ್ಲ. 2025ರ ಫೆಬ್ರವರಿಯಲ್ಲಿ ಯುಜಿಸಿ ಆ ಪಟ್ಟಿಯನ್ನೇ ಕೈಬಿಟ್ಟಿತು. ಮುಂದಿನ ಸಂಚಿಕೆಗೆ ಬಂದ ಲೇಖನ ಏಳು. ಮಂಡಳಿಯಲ್ಲಿ ಕೆಲವರಿಗೆ ಗಾಬರಿ, ಪತ್ರಿಕೆ ನಿಂತೇ ಹೋಗುತ್ತೆ ಅಂತ. ನಾನು ಓದಿದೆ, ಏಳರಲ್ಲಿ ಐದು ನಿಜಕ್ಕೂ ಏನೋ ಹೇಳುತ್ತಿದ್ದವು. ಮೊದಲು ಅರವತ್ತು ಬಂದಾಗಲೂ ಐದೇ ಇರುತ್ತಿದ್ದವು ಅಂತ ಸರ್ ಹೇಳಿದರು.

ನನಗೆ ಅನ್ನಿಸೋದು, ಇಂಥ ಪತ್ರಿಕೆಯ ಆಸ್ತಿ ಇರೋದು ಹೊಸ ಸಂಚಿಕೆಯಲ್ಲಿ ಅಲ್ಲವೇ ಅಲ್ಲ. ಅದು ಹಿಂದಿನ ಕಪಾಟಿನಲ್ಲಿದೆ. ಹಳೇ ಸಂಚಿಕೆಯೊಂದರಲ್ಲಿ ಯಾರೋ ಒಂದು ಊರಿನ ಕಲ್ಲು ಓದಿ ಹಾಕಿರುತ್ತಾರೆ, ಆಮೇಲೆ ಆ ಕಲ್ಲಿನ ಮೇಲೆ ಯಾರೋ ಬಟ್ಟೆ ಒಗೆದು ಒಗೆದು ಅಕ್ಷರ ಸವೆದಿರುತ್ತೆ, ಉಳಿಯೋದು ಪತ್ರಿಕೆಯಲ್ಲಿನ ಓದು ಒಂದೇ. ಅದರಲ್ಲೂ ಅಕ್ಷರ ಸವೆಸಿದರೆ ಮುಗಿಯಿತು. ಸರ್ ಹತ್ತಿರ ಇದನ್ನ ಹೇಳಿದರೆ ಅವರು ಒಪ್ಪಲ್ಲ, ಹೊಸದು ಬರದೇ ಇದ್ದರೆ ಹಳೇದನ್ನ ಓದೋರು ಎಲ್ಲಿಂದ ಹುಟ್ಟುತ್ತಾರೆ ಅಂತಾರೆ. ಈ ಜಗಳ ನಡೆದೇ ಇದೆ.

ತಪ್ಪು ಒಪ್ಪಿಕೊಂಡು ಹೊಸ ಸಂಚಿಕೆಯಲ್ಲಿ ಒಂದು ಒಪ್ಪೋಲೆ, ಅಂದರೆ ತಿದ್ದುಪಡಿಯ ಪಟ್ಟಿ, ಹಾಕೋಣ ಅಂದೆವು. ನಾನೇ ಬರೆದೆ, ಯುನಿಕೋಡಿನಲ್ಲಿ, ಸರಿಯಾದ ಅಕ್ಷರ ಹಾಕಿ. ಪ್ರೆಸ್ಸಿನ ಹೊಸ ಹುಡುಗ ಪುಟ ಕಟ್ಟೋದಕ್ಕೆ ಯುನಿಕೋಡನ್ನ ವಾಪಸ್ ಹಳೇ ಫಾಂಟಿಗೆ ತಿರುಗಿಸುತ್ತಾನೆ, ಎಷ್ಟೋ ಪ್ರೆಸ್ಸುಗಳಲ್ಲಿ ಇನ್ನೂ ಹಾಗೇ. ಕರಡು ಬಂತು. ಮೊದಲ ಸಾಲು ಹೀಗಿತ್ತು: ‘ಬಾಳ್ ಎಂದಿರುವಲ್ಲಿ ಬಾಳ್ ಎಂದು ಓದಿಕೊಳ್ಳಬೇಕು.’

ಸರ್ ಅದನ್ನ ಓದಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನಾನು ಗದಗಕ್ಕೆ ಫೋನ್ ಮಾಡಿದೆ. ಕಾಕಾ ಹುಡುಗನನ್ನ ಪಕ್ಕಕ್ಕೆ ಸರಿಸಿ, ಮೂಲೆಯ ಸಿಸ್ಟಂ ಮೇಲಿನ ಸೀರೆ ತೆಗೆದು, ಸರ್ ಫಾಂಟನ್ನ ಪೆನ್‌ಡ್ರೈವಿಗೆ ಹಾಕಿ ಹೊಸ ಸಿಸ್ಟಂಗೆ ಕೊಟ್ಟರು. ಮರುದಿನದ ಕರಡಿನಲ್ಲಿ ೞ ಬಂದಿತ್ತು. ಸ್ವಲ್ಪ ದಪ್ಪ, ಸಾಲಿನಿಂದ ಕೂದಲೆಳೆಯಷ್ಟು ಕೆಳಗೆ. ಹಾಗೇ ಅಚ್ಚು ಹಾಕಿ ಅಂದೆವು.

ಒಂಬತ್ತರಲ್ಲಿ ಆರು ಸಂಚಿಕೆ ಮುಗಿದಿವೆ, ಮೂರು ಬಾಕಿ. ಮೇಷ್ಟ್ರಿಗೆ ಕಣ್ಣಿನ ಪೊರೆ ಆಪರೇಷನ್ ಆಗಿದೆ, ದೀಪಾವಳಿ ಆದ ಮೇಲೆ ಬರುತ್ತೇನೆ ಅಂದಿದ್ದಾರೆ.